ವಿದ್ಯುತ್ ಪರಿವರ್ತಕಗಳಲ್ಲಿ ಅಸಹಜ ಶಬ್ದ: ಗ್ರಾಹಕರ ಮಾಹಿತಿಗಾಗಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ವಿದ್ಯುತ್ ವಿತರಣೆಯನ್ನು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು ನಿರ್ವಹಿಸುತ್ತದೆ. ಗ್ರಾಮಗಳಲ್ಲಿ ಟಿ.ಸಿ. ಎಂದೇ ಕರೆಯಲ್ಪಡುವ ವಿತರಣಾ ಪರಿವರ್ತಕವು 11 ಕೆ.ವಿ. ಮಾರ್ಗದ ವಿದ್ಯುತ್ತನ್ನು ಮನೆ ಹಾಗೂ ಪಂಪ್‌ಸೆಟ್‌ಗಳಿಗೆ ತಕ್ಕ ಒತ್ತಡಕ್ಕೆ ಇಳಿಸುತ್ತದೆ. "ಟಿ.ಸಿ. ಶಬ್ದ ಮಾಡುತ್ತಿದೆ" ಎಂಬಷ್ಟೇ ದೂರಿನಿಂದ ದೋಷದ ಸ್ವರೂಪ ತಿಳಿಯದು. ಶಬ್ದದ ಬಗೆ ಮತ್ತು ವೇಳೆಯನ್ನು ತಿಳಿಸಿದಲ್ಲಿ ಪರಿವರ್ತಕವು ಸುಡುವ ಮುನ್ನವೇ ದುರಸ್ತಿ ಸಾಧ್ಯವಾಗಬಹುದು. ಬೇಸಿಗೆಯಲ್ಲಿ ತಂಬಾಕಿನ ಸಸಿಮಡಿಗೆ ನೀರು ಹಾಯಿಸುವ ರೈತರಿಗೆ ಎರಡು ದಿನದ ವ್ಯತ್ಯಯವೂ ನಷ್ಟವೇ.

ಏಕರೀತಿಯ ಗುಂಯ್ ಎಂಬ ನಾದವು ದೋಷವಲ್ಲ. ಒಳಗಿನ ಉಕ್ಕಿನ ತಗಡುಗಳು ಕಾಂತೀಯ ಪ್ರಭಾವದಿಂದ ಅತಿಸೂಕ್ಷ್ಮವಾಗಿ ಹಿಗ್ಗಿ ಕುಗ್ಗುತ್ತವೆ. ನಮ್ಮ ವಿದ್ಯುತ್ತಿನ ಆವರ್ತನವು ಸೆಕೆಂಡಿಗೆ 50 ಆಗಿದ್ದು, ಪ್ರತಿ ಆವರ್ತನಕ್ಕೆ ಎರಡು ಬಾರಿಯಂತೆ ಈ ಕಂಪನವು 100 ಆಗುತ್ತದೆ. ರಾತ್ರಿ ಬಳಕೆ ತಗ್ಗಿ ಒತ್ತಡ ಏರಿದಾಗ ನಾದವು ತುಸು ಹೆಚ್ಚಬಹುದು. ಸುತ್ತಲಿನ ನಿಶ್ಶಬ್ದದಿಂದಲೂ ಹಾಗೆ ತೋರುತ್ತದೆ.

ಗಮನಿಸಬೇಕಾದುದು ಶಬ್ದದಲ್ಲಿ ಆಗುವ ಬದಲಾವಣೆಯನ್ನು. ಲೋಹ ಅದುರಿದಂತಹ ಗಡಗಡ ಶಬ್ದಕ್ಕೆ ಸಾಮಾನ್ಯವಾಗಿ ಸಡಿಲಗೊಂಡ ಬೋಲ್ಟು ಅಥವಾ ಮುಚ್ಚಳ ಕಾರಣ. ಮಂಜು ಅಥವಾ ತುಂತುರು ಮಳೆಯಲ್ಲಿ ಮಾತ್ರ ಕೇಳುವ ಚಿಟಿಚಿಟಿ ಶಬ್ದವು ಪಿಂಗಾಣಿ ಬುಶಿಂಗ್‌ಗಳ ಮೇಲೆ ಕೊಳೆ ಕುಳಿತಿರುವುದನ್ನು ಸೂಚಿಸುತ್ತದೆ. ಒಣ ಹವೆಯಲ್ಲೂ ಕಿಡಿಯೊಡನೆ ಕೇಳಿಬಂದಲ್ಲಿ ತಂತಿಯ ಜೋಡಣೆ ಸಡಿಲವಾಗಿರುವ ಸಂಭವವಿದೆ. ಪಂಪ್‌ಸೆಟ್‌ಗಳು ಚಾಲನೆಯಲ್ಲಿರುವಾಗ ಮಾತ್ರ ನಾದವು ಭಾರವಾದಲ್ಲಿ ಅಧಿಕ ಹೊರೆಯನ್ನು ಶಂಕಿಸಬೇಕು. ಅನಧಿಕೃತ ಸಂಪರ್ಕಗಳು ಇದಕ್ಕೆ ಒಂದು ಕಾರಣ. ಸುಟ್ಟ ಫ್ಯೂಸಿಗೆ ಬದಲಾಗಿ ದಪ್ಪ ತಂತಿ ಕಟ್ಟುವುದರಿಂದ ಪರಿವರ್ತಕಕ್ಕಿರುವ ರಕ್ಷಣೆಯೇ ಇಲ್ಲವಾಗುತ್ತದೆ. ಇವೆಲ್ಲಕ್ಕಿಂತ ಗಂಭೀರವಾದುದು ತೊಟ್ಟಿಯ ಒಳಗಿನಿಂದ ಕೇಳುವ ಕುದಿತ ಅಥವಾ ಸಿಡಿತದ ಶಬ್ದ. ಎಣ್ಣೆ ಕಡಿಮೆಯಾಗಿ ಅಥವಾ ನಿರೋಧಕ ಹಾಳಾಗಿ ಒಳಗೆ ಕಿಡಿ ಹಾರುತ್ತಿರಬಹುದು. ಜನ, ಜಾನುವಾರುಗಳನ್ನು ದೂರವಿರಿಸಿ ಕೂಡಲೇ ತಿಳಿಸತಕ್ಕದ್ದು.

ಪರಿವರ್ತಕದ್ದೆಂದು ಬರುವ ದೂರು ಕೆಲವೊಮ್ಮೆ ಮೋಟಾರಿನದ್ದಾಗಿರುತ್ತದೆ. ಒಂದು ಫೇಸ್ ಇಲ್ಲದಿದ್ದಾಗ ಮೋಟಾರು ತಿರುಗದೆ ಗುಂಯ್‌ಗುಡುತ್ತದೆ. ತಕ್ಷಣ ಸ್ವಿಚ್ ಆಫ್ ಮಾಡದಿದ್ದಲ್ಲಿ ವೈಂಡಿಂಗ್ ಸುಡುತ್ತದೆ.

ಕಂಬ ಹತ್ತುವುದು, ಕೋಲಿನಿಂದ ತಟ್ಟಿ ನೋಡುವುದು, ಖಾಸಗಿ ವ್ಯಕ್ತಿಗಳಿಂದ ಫ್ಯೂಸ್ ಹಾಕಿಸುವುದು ಪ್ರಾಣಾಪಾಯಕರ. ಶಬ್ದವೊಂದರಿಂದಲೇ ದೋಷವು ನಿರ್ಣಯವಾಗದು. ಎಣ್ಣೆ ಹಾಗೂ ನಿರೋಧಕತೆಯ ಪರೀಕ್ಷೆಯನ್ನು ಸಿಬ್ಬಂದಿಯೇ ಕೈಗೊಳ್ಳುತ್ತಾರೆ.

ದೂರನ್ನು 1912 ಸಂಖ್ಯೆಗೆ ಅಥವಾ ಸಂಬಂಧಿಸಿದ ಶಾಖಾ ಕಚೇರಿಗೆ ಸಲ್ಲಿಸಬಹುದು. ಗ್ರಾಮದ ಹೆಸರು, ಪರಿವರ್ತಕದ ಮೇಲೆ ಬರೆದಿರುವ ಸಂಖ್ಯೆ, ಶಬ್ದದ ಬಗೆ, ಆರಂಭವಾದ ದಿನ, ಆ ವೇಳೆ ಪಂಪ್‌ಸೆಟ್‌ಗಳು ಚಾಲನೆಯಲ್ಲಿದ್ದವೇ ಎಂಬುದನ್ನು ತಿಳಿಸಿ ದೂರಿನ ಸಂಖ್ಯೆಯನ್ನು ಪಡೆದಿಟ್ಟುಕೊಳ್ಳುವುದು. ವಿಫಲವಾದ ಪರಿವರ್ತಕದ ಬದಲಾವಣೆಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2004ರ ನಿಯಮಗಳು ನಗರಗಳಲ್ಲಿ 24 ಗಂಟೆ, ಗ್ರಾಮಾಂತರದಲ್ಲಿ 72 ಗಂಟೆಗಳ ಅವಧಿಯನ್ನು ಗೊತ್ತುಪಡಿಸಿದವು. ಬದಲಾವಣೆಗಾಗಿ ಗ್ರಾಮಸ್ಥರು ಹಣ ಸಂಗ್ರಹಿಸಿ ಯಾರಿಗೂ ನೀಡಬೇಕಾಗಿಲ್ಲ.