ಒಬ್ಬ ಒಳ್ಳೆ ಗೋಲ್‌ಕೀಪರ್ ಇದ್ದರೆ ಕಪ್ ಗೆದ್ದಂತೆಯೇ? ಫಾರ್ವರ್ಡ್ ಆಗುವ ಮಾತಿನಲ್ಲಿ ನಿಜವೆಷ್ಟು?

ದೊಡ್ಡ ಫುಟ್‌ಬಾಲ್ ಟೂರ್ನಿಯ ಫೈನಲ್ ಮುಗಿದ ಮರುದಿನ ಗ್ರೂಪ್‌ಗಳಲ್ಲಿ ಓಡಾಡುವ ಸಂದೇಶಗಳನ್ನು ನೀವೂ ನೋಡಿರುತ್ತೀರಿ. ಇಪ್ಪತ್ತು ಸೆಕೆಂಡಿನ ಒಂದು ಕ್ಲಿಪ್, ಅದರಲ್ಲಿ ಹಾರಿ ಚೆಂಡು ತಡೆಯುವ ಗೋಲ್‌ಕೀಪರ್, ಕೆಳಗೆ "ಇವನೊಬ್ಬನೇ ಕಪ್ ಗೆಲ್ಲಿಸಿದ" ಎಂಬ ಸಾಲು. ಅದರ ಬೆನ್ನಿಗೇ ಇನ್ನೊಬ್ಬರ ಉತ್ತರ: "ಪೆನಾಲ್ಟಿ ಅಂದ್ರೆ ಲಾಟರಿ ಕಣ್ರೀ, ಕೀಪರ್‌ದು ಬರೀ ಅದೃಷ್ಟ." ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ದಾಖಲೆಗಳನ್ನು ತೆಗೆದು ನೋಡಿದರೆ ಎರಡೂ ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಎಲ್ಲಿ ನಿಜ, ಎಲ್ಲಿ ಉತ್ಪ್ರೇಕ್ಷೆ ಎಂಬುದನ್ನು ನೋಡೋಣ.

ಮಾರ್ಟಿನೆಜ್ ಕ್ಲಿಪ್‌ನಲ್ಲಿ ಕಾಣದ ಭಾಗ

ಅತಿ ಹೆಚ್ಚು ಹಂಚಿಕೆಯಾದ ಕ್ಲಿಪ್‌ಗಳಲ್ಲಿ ಒಂದು 2022ರ ಡಿಸೆಂಬರ್ 18ರದು. ಕತಾರ್‌ನ ಲುಸೈಲ್ ಕ್ರೀಡಾಂಗಣ, ವಿಶ್ವಕಪ್ ಫೈನಲ್, ಅರ್ಜೆಂಟೀನಾ ಮತ್ತು ಫ್ರಾನ್ಸ್ 3-3 ಸಮಬಲ. ಹೆಚ್ಚುವರಿ ಅವಧಿಯೂ ಮುಗಿದು ಕೊನೆಯ ಕ್ಷಣಗಳು ನಡೆಯುತ್ತಿವೆ. ಫ್ರಾನ್ಸ್‌ನ ಕೋಲೋ ಮುವಾನಿ ಒಬ್ಬನೇ ಚೆಂಡಿನೊಂದಿಗೆ ಗೋಲಿನೆದುರು ಬಂದ. ಎಮಿಲಿಯಾನೊ ಮಾರ್ಟಿನೆಜ್ ಕೈಕಾಲು ಅಗಲಿಸಿ ಮುಂದೆ ಬಂದು ಎಡಗಾಲಿನಿಂದ ಚೆಂಡು ತಡೆದ. ಅದು ಒಳಗೆ ಹೋಗಿದ್ದರೆ ಕಪ್ ಫ್ರಾನ್ಸ್‌ಗೆ ಹೋಗುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ನಂತರದ ಶೂಟೌಟ್‌ನಲ್ಲಿ ಅವನು ಕಿಂಗ್ಸ್‌ಲಿ ಕೋಮನ್ ಹೊಡೆತವನ್ನೂ ತಡೆದ, ಅರ್ಜೆಂಟೀನಾ 4-2ರಿಂದ ಗೆದ್ದಿತು.

ಇಷ್ಟು ನೋಡಿದರೆ "ಇವನೊಬ್ಬನೇ ಗೆಲ್ಲಿಸಿದ" ಎನ್ನಿಸುವುದು ಸಹಜ. ಆದರೆ ಅದೇ ಪಂದ್ಯದಲ್ಲಿ ಎಂಬಪೆಗೆ ಮೂರು ಗೋಲು ಬಿಟ್ಟುಕೊಟ್ಟವನೂ ಇದೇ ಮಾರ್ಟಿನೆಜ್. ಅದೇ ಟೂರ್ನಿಯ ಮೊದಲ ಪಂದ್ಯದಲ್ಲಿ ಸೌದಿ ಅರೇಬಿಯಾ ಗೋಲಿನ ಗುರಿಗೆ ಹೊಡೆದದ್ದು ಎರಡೇ ಬಾರಿ, ಎರಡೂ ಗೋಲಾದವು, ಅರ್ಜೆಂಟೀನಾ ಸೋತಿತು. ಫೈನಲ್ ಶೂಟೌಟ್‌ನಲ್ಲಿ ಅವನ ತಂಡದ ನಾಲ್ವರೂ ತಪ್ಪದೆ ಗೋಲು ಹೊಡೆದರು. ಅವರಲ್ಲಿ ಇಬ್ಬರು ತಪ್ಪಿದ್ದರೆ ಆ ಎಡಗಾಲಿನ ಸೇವ್ ಇವತ್ತು ಯಾರ ಫೋನಿನಲ್ಲಿಯೂ ಇರುತ್ತಿರಲಿಲ್ಲ.

ಕ್ಲಿಪ್‌ಗಳ ಮೂಲ ತೊಂದರೆ ಇದೇ. ಗೆದ್ದ ತಂಡದ ಸೇವ್ ಮಾತ್ರ ನಮ್ಮ ಬಳಿ ತಲುಪುತ್ತದೆ. ಅದೇ ವಿಶ್ವಕಪ್‌ನಲ್ಲಿ ಕ್ರೊಯೇಷ್ಯಾದ ಲಿವಾಕೊವಿಚ್ ಜಪಾನ್ ವಿರುದ್ಧದ ಶೂಟೌಟ್‌ನಲ್ಲಿ ಮೂರು ಪೆನಾಲ್ಟಿ ತಡೆದಿದ್ದ, ಮುಂದಿನ ಸುತ್ತಿನಲ್ಲಿ ಬ್ರೆಜಿಲ್ ವಿರುದ್ಧ ಮತ್ತೊಂದು. ಸೆಮಿಫೈನಲ್‌ನಲ್ಲಿ ಅವನ ತಂಡ ಅರ್ಜೆಂಟೀನಾಕ್ಕೆ 3-0ಯಿಂದ ಸೋತಿತು. ನಿಮ್ಮ ಗ್ರೂಪ್‌ಗೆ ಅವನ ಕ್ಲಿಪ್ ಎಷ್ಟು ಸಲ ಬಂದಿದೆ?

ಟೂರ್ನಿಯ ಅತ್ಯುತ್ತಮ ಆಟಗಾರ, ಆದರೂ ಸೋಲು

"ಶ್ರೇಷ್ಠ ಕೀಪರ್ ಇದ್ದರೆ ಕಪ್ ಖಚಿತ" ಎನ್ನುವವರಿಗೆ ಆಲಿವರ್ ಕಾನ್ ಕಥೆ ಹೇಳಬೇಕು. 2002ರ ವಿಶ್ವಕಪ್‌ನಲ್ಲಿ ಜರ್ಮನಿ ತಂಡ ಅಂಥ ಬಲಿಷ್ಠವೇನೂ ಆಗಿರಲಿಲ್ಲ. ನಾಕೌಟ್ ಹಂತದಲ್ಲಿ ಪರಾಗ್ವೆ, ಅಮೆರಿಕ, ದಕ್ಷಿಣ ಕೊರಿಯಾ ಮೂರನ್ನೂ 1-0ಯಿಂದಲೇ ಸೋಲಿಸಿತು. ಫೈನಲ್ ತನಕದ ಆರು ಪಂದ್ಯಗಳಲ್ಲಿ ಕಾನ್ ಬಿಟ್ಟದ್ದು ಒಂದೇ ಗೋಲು, ಐರ್ಲೆಂಡಿನ ರಾಬಿ ಕೀನ್ ಹೊಡೆದದ್ದು. ತಂಡವನ್ನು ಫೈನಲ್‌ಗೆ ಹೊತ್ತು ತಂದವನು ಇವನೇ ಎಂದರೆ ತಪ್ಪಾಗದು.

ಜೂನ್ 30ರಂದು ಯೊಕೊಹಾಮಾದಲ್ಲಿ ಬ್ರೆಜಿಲ್ ಎದುರು ಅರವತ್ತೇಳನೇ ನಿಮಿಷದಲ್ಲಿ ರಿವಾಲ್ಡೊ ಹೊಡೆದ ಸಾಧಾರಣ ಚೆಂಡು ಕಾನ್ ಕೈಯಿಂದ ಜಾರಿತು. ಹತ್ತಿರದಲ್ಲೇ ಇದ್ದ ರೊನಾಲ್ಡೊ ಅದನ್ನು ಒಳಗೆ ತಳ್ಳಿದ. ಸ್ವಲ್ಪ ಹೊತ್ತಿಗೆ ಇನ್ನೊಂದು ಗೋಲು, ಬ್ರೆಜಿಲ್ 2-0. ಕಾನ್‌ಗೆ ಟೂರ್ನಿಯ ಅತ್ಯುತ್ತಮ ಆಟಗಾರನಿಗೆ ಕೊಡುವ ಗೋಲ್ಡನ್ ಬಾಲ್ ಬಂತು. ವಿಶ್ವಕಪ್ ಇತಿಹಾಸದಲ್ಲಿ ಆ ಪ್ರಶಸ್ತಿ ಪಡೆದ ಏಕೈಕ ಗೋಲ್‌ಕೀಪರ್ ಅವನು. ಕಪ್ ಮಾತ್ರ ಬರಲಿಲ್ಲ. ಒಂದು ವರ್ಷದ ಹಿಂದೆ, 2001ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ, ವಲೆನ್ಸಿಯಾದ ಮೂರು ಪೆನಾಲ್ಟಿ ತಡೆದು ಬಯರ್ನ್ ಮ್ಯೂನಿಕ್‌ಗೆ ಟ್ರೋಫಿ ತಂದುಕೊಟ್ಟದ್ದೂ ಇದೇ ಕೈಗಳು.

ಮುನ್ನುಗ್ಗುವ ಆಟಗಾರ ಹತ್ತು ಅವಕಾಶದಲ್ಲಿ ಒಂಬತ್ತು ಹಾಳು ಮಾಡಿ ಹತ್ತನೆಯದರಲ್ಲಿ ಗೋಲು ಹೊಡೆದರೆ ಹೀರೋ. ಕೀಪರ್ ಒಂಬತ್ತು ತಡೆದು ಹತ್ತನೆಯದು ಬಿಟ್ಟರೆ ಆ ಒಂದೇ ನೆನಪಾಗಿ ಉಳಿಯುತ್ತದೆ. ಇದು ಅನ್ಯಾಯವೇ ಸರಿ.

ಪೆನಾಲ್ಟಿ ನಿಜಕ್ಕೂ ಲಾಟರಿಯೇ?

ಈಗ ಎರಡನೇ ಫಾರ್ವರ್ಡ್‌ಗೆ ಬರೋಣ. ಲೆಕ್ಕ ಸುಲಭ. ಪೆನಾಲ್ಟಿ ಗುರುತಿನಿಂದ ಗೋಲಿನ ಗೆರೆಗೆ ಸುಮಾರು 11 ಮೀಟರ್. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೊಡೆದ ಚೆಂಡು ಈ ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿ ದಾಟುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಮೈ ಪ್ರತಿಕ್ರಿಯಿಸಲು ಮನುಷ್ಯನಿಗೆ ಸುಮಾರು 0.2 ಸೆಕೆಂಡು ಬೇಕು. ಉಳಿದ 0.2 ಸೆಕೆಂಡಿನಲ್ಲಿ ಕಂಬದ ತನಕ ಹಾರುವುದು ಯಾರಿಗೂ ಆಗದ ಕೆಲಸ. ಹಾಗಾಗಿ ಕೀಪರ್ ಚೆಂಡು ಹೊರಡುವ ಮೊದಲೇ ಅಥವಾ ಹೊರಡುವ ಕ್ಷಣದಲ್ಲೇ ಯಾವ ಕಡೆ ಎಂದು ತೀರ್ಮಾನಿಸಬೇಕು. ಇದರಲ್ಲಿ ಊಹೆ ಇದೆ, ಒಪ್ಪಿದೆವು. ಆದರೆ ಓಡಿ ಬರುವ ಕೋನ, ಊರಿದ ಕಾಲಿನ ದಿಕ್ಕು, ಸೊಂಟದ ತಿರುವು, ಹಿಂದೆ ಇದೇ ಆಟಗಾರ ಎಲ್ಲಿಗೆ ಹೊಡೆದಿದ್ದ ಎಂಬ ಮಾಹಿತಿ, ಇವೆಲ್ಲ ಊಹೆಯನ್ನು ಸ್ವಲ್ಪ ಉತ್ತಮಪಡಿಸುತ್ತವೆ. ಆ 'ಸ್ವಲ್ಪ'ಕ್ಕೇ ಬೆಲೆ.

ಇಸ್ರೇಲಿನ ಮೈಕೆಲ್ ಬಾರ್-ಎಲಿ ಮತ್ತು ಸಂಗಡಿಗರು 2007ರಲ್ಲಿ 286 ಪೆನಾಲ್ಟಿಗಳನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಅದರಲ್ಲಿ ಕೀಪರ್‌ಗಳು ಹೆಚ್ಚುಕಡಿಮೆ ಯಾವಾಗಲೂ ಎಡಕ್ಕೋ ಬಲಕ್ಕೋ ಹಾರಿದ್ದರು. ನಡುವೆಯೇ ನಿಂತದ್ದು ಶೇ 6.3 ಸಲ ಮಾತ್ರ. ಆದರೆ ಸುಮಾರು ಶೇ 29ರಷ್ಟು ಚೆಂಡು ನಡುಭಾಗಕ್ಕೇ ಬಂದಿತ್ತು. ನಿಂತಾಗ ತಡೆದ ಪ್ರಮಾಣ ಮೂರರಲ್ಲಿ ಒಂದು, ಹಾರಿದಾಗ ಏಳೆಂಟರಲ್ಲಿ ಒಂದು. ಹಾರಿ ಗೋಲು ಬಿಟ್ಟರೆ "ಪ್ರಯತ್ನಪಟ್ಟ" ಎನ್ನುತ್ತಾರೆ, ನಿಂತು ಬಿಟ್ಟರೆ "ಮರದ ಹಾಗೆ ನಿಂತಿದ್ದ" ಎಂದು ಬೈಯುತ್ತಾರೆ, ಅದಕ್ಕೇ ಹಾರುತ್ತಾರೆ ಎಂಬುದು ಅಧ್ಯಯನದ ವಾದ. "ಹಾಗಾದರೆ ಕೀಪರ್ ಸುಮ್ಮನೆ ನಿಂತರೆ ಸಾಕು" ಎಂದು ಫಾರ್ವರ್ಡ್ ಸೇರಿಸುವುದು ಅವಸರದ ತೀರ್ಮಾನ. 286ರಲ್ಲಿ ಶೇ 6.3 ಎಂದರೆ 18 ಪೆನಾಲ್ಟಿ, ಅಷ್ಟೇ. ಜೊತೆಗೆ, ಕೀಪರ್ ನಿಲ್ಲುತ್ತಾನೆ ಎಂದು ಗೊತ್ತಾದ ದಿನ ಹೊಡೆಯುವವರು ಮೂಲೆಗೇ ಹೊಡೆಯುತ್ತಾರೆ.

ತಯಾರಿಯ ವಿಷಯಕ್ಕೆ ಬಂದರೆ, 2006ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿಯ ಯೆನ್ಸ್ ಲೇಮನ್ ಕಾಲುಚೀಲದಲ್ಲಿ ಒಂದು ಚೀಟಿ ಇಟ್ಟುಕೊಂಡಿದ್ದ. ಅರ್ಜೆಂಟೀನಾದ ಯಾರು ಯಾವ ಕಡೆ ಹೊಡೆಯುತ್ತಾರೆಂದು ತರಬೇತುದಾರ ಬರೆದುಕೊಟ್ಟದ್ದು. "ಚೀಟಿ ನೋಡಿ ಎಲ್ಲ ತಡೆದ" ಎಂಬುದು ಜನಪ್ರಿಯ ಕಥೆ. ವಾಸ್ತವ ಇನ್ನೂ ಸ್ವಾರಸ್ಯಕರ. ಚೀಟಿಯಲ್ಲಿದ್ದ ಏಳು ಹೆಸರುಗಳಲ್ಲಿ ಆ ದಿನ ಪೆನಾಲ್ಟಿ ಹೊಡೆದವರು ಇಬ್ಬರೇ. ಕೊನೆಗೆ ಬಂದ ಕ್ಯಾಂಬಿಯಾಸೊ ಹೆಸರು ಅದರಲ್ಲಿ ಇರಲೇ ಇಲ್ಲ. ಆದರೂ ಲೇಮನ್ ಅವನೆದುರೇ ಚೀಟಿ ತೆಗೆದು ನಿಧಾನವಾಗಿ ಓದುವಂತೆ ನಿಂತ, ಆಮೇಲೆ ಹೊಡೆತ ತಡೆದ. ತನ್ನ ಗುಟ್ಟು ಇವನಿಗೆ ಗೊತ್ತು ಎಂದು ಎದುರಾಳಿಗೆ ಅನ್ನಿಸಿರಬಹುದು. ಆ ಚೀಟಿ ಮುಂದೆ ದತ್ತಿ ಹರಾಜಿನಲ್ಲಿ ಹತ್ತು ಲಕ್ಷ ಯೂರೋಗೆ ಮಾರಾಟವಾಗಿ ಬಾನ್ ನಗರದ ವಸ್ತುಸಂಗ್ರಹಾಲಯ ಸೇರಿತು. ಜರ್ಮನಿ ಮುಂದಿನ ಪಂದ್ಯದಲ್ಲಿ ಇಟಲಿಗೆ ಸೋತಿತು.

ಇಂಥ ಮಾನಸಿಕ ಆಟ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ನಿಯಮ ರೂಪಿಸುವವರೇ ಸಾಕ್ಷಿ. ಲುಸೈಲ್‌ನಲ್ಲಿ ಚುವಾಮೆನಿ ಹೊಡೆಯುವ ಮೊದಲು ಮಾರ್ಟಿನೆಜ್ ಚೆಂಡನ್ನು ದೂರ ಎಸೆದಿದ್ದ, ಚುವಾಮೆನಿ ಹೊಡೆತ ಹೊರಗೆ ಹೋಯಿತು. 2023ರ ಜುಲೈಯಿಂದ ಜಾರಿಯಾದ ನಿಯಮದಂತೆ ಕೀಪರ್ ಪೆನಾಲ್ಟಿಯನ್ನು ತಡಮಾಡುವಂತಿಲ್ಲ, ಕಂಬ, ಅಡ್ಡಪಟ್ಟಿ, ಬಲೆ ಮುಟ್ಟಿ ಗಮನ ಕೆಡಿಸುವಂತಿಲ್ಲ.

ಅದೃಷ್ಟದ ಪಾಲು ಇಲ್ಲವೇ? ಇದೆ. ಚೆಲ್ಸಿ ಕ್ಲಬ್‌ನ ಕೇಪಾನನ್ನು ನೋಡಿ. 2021ರ ಆಗಸ್ಟ್‌ನ ಸೂಪರ್ ಕಪ್‌ನಲ್ಲಿ ಶೂಟೌಟ್‌ಗೆಂದೇ ಕೊನೆ ಗಳಿಗೆಯಲ್ಲಿ ಅವನನ್ನು ಕಣಕ್ಕಿಳಿಸಿದರು, ಎರಡು ತಡೆದ, ಕಪ್ ಬಂತು. ಕೋಚ್‌ನ ಜಾಣತನವನ್ನು ಎಲ್ಲರೂ ಹೊಗಳಿದರು. ಆರು ತಿಂಗಳ ನಂತರ ಲೀಗ್ ಕಪ್ ಫೈನಲ್‌ನಲ್ಲಿ ಅದೇ ಉಪಾಯ, ಅದೇ ಕೀಪರ್. ಲಿವರ್‌ಪೂಲ್‌ನ ಹನ್ನೊಂದಕ್ಕೆ ಹನ್ನೊಂದೂ ಗೋಲು. ಕೊನೆಗೆ ಕೇಪಾ ತಾನೇ ಹೊಡೆದ ಪೆನಾಲ್ಟಿ ಅಡ್ಡಪಟ್ಟಿಯ ಮೇಲಿಂದ ಹಾರಿಹೋಯಿತು.

ಲೀಗ್‌ನಲ್ಲಿ ಲೆಕ್ಕವೇ ಬೇರೆ

ಒಂದು ಪಂದ್ಯದ ನಾಕೌಟ್‌ನಲ್ಲಿ ಒಬ್ಬ ಕೀಪರ್ ಎಲ್ಲವನ್ನೂ ತಲೆಕೆಳಗು ಮಾಡಬಲ್ಲ. 2022ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ನ ಕೊರ್ತುವಾ 9 ಸೇವ್ ಮಾಡಿ, ಲಿವರ್‌ಪೂಲ್ ಮೇಲುಗೈ ಸಾಧಿಸಿದ್ದ ಪಂದ್ಯವನ್ನು 1-0ಯಿಂದ ಗೆಲ್ಲಿಸಿದ. "ಒಬ್ಬನೇ ಗೆಲ್ಲಿಸಿದ" ಎಂಬ ಮಾತಿಗೆ ಅತಿ ಹತ್ತಿರದ ಪಂದ್ಯ ಅದು ಎಂದು ನಮಗನಿಸುತ್ತದೆ.

38 ಪಂದ್ಯಗಳ ಲೀಗ್‌ನಲ್ಲಿ ಹಾಗಲ್ಲ. ಇಲ್ಲಿ ಲಿವರ್‌ಪೂಲ್ ಉದಾಹರಣೆ ಎಲ್ಲರೂ ಕೊಡುತ್ತಾರೆ. 2018ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಕೀಪರ್ ಕರಿಯಸ್ ಮಾಡಿದ ಎರಡು ತಪ್ಪುಗಳಿಂದ ತಂಡ ಸೋತಿತು. ಆ ಬೇಸಿಗೆಯಲ್ಲಿ ಸುಮಾರು 6.5 ಕೋಟಿ ಪೌಂಡ್ ಕೊಟ್ಟು ಬ್ರೆಜಿಲ್‌ನ ಅಲಿಸನ್‌ನನ್ನು ತಂದರು. ಹಿಂದಿನ ಲೀಗ್‌ನಲ್ಲಿ 38 ಗೋಲು ಬಿಟ್ಟಿದ್ದ ತಂಡ ಈ ಬಾರಿ ಬಿಟ್ಟದ್ದು 22. ಡಿಸೆಂಬರ್‌ನಲ್ಲಿ ನಪೋಲಿ ಎದುರು ಕೊನೇ ಕ್ಷಣದಲ್ಲಿ ಮಿಲಿಕ್ ಹೊಡೆತವನ್ನು ಅಲಿಸನ್ ತಡೆಯದಿದ್ದರೆ ತಂಡ ಗುಂಪು ಹಂತದಲ್ಲೇ ಹೊರಬೀಳುತ್ತಿತ್ತು. ಜೂನ್‌ನಲ್ಲಿ ಅದೇ ತಂಡ ಯುರೋಪಿನ ಚಾಂಪಿಯನ್.

ಆದರೆ 16 ಗೋಲು ಕಡಿಮೆಯಾದದ್ದು ಅಲಿಸನ್‌ನಿಂದಲೇ ಎನ್ನುವುದು ಸರಿಯಲ್ಲ. ಡಿಫೆಂಡರ್ ವ್ಯಾನ್ ಡೈಕ್ ತಂಡ ಸೇರಿದ್ದು ಅದೇ ವರ್ಷದ ಜನವರಿಯಲ್ಲಿ, ಮಿಡ್‌ಫೀಲ್ಡರ್ ಫಬಿನ್ಯೊ ಬಂದದ್ದು ಅಲಿಸನ್ ಜೊತೆಗೇ. ಇದಕ್ಕೇ ಈಗ ವಿಶ್ಲೇಷಕರು ಕ್ಲೀನ್ ಶೀಟ್ ಎಣಿಸುವುದನ್ನು ನೆಚ್ಚುವುದಿಲ್ಲ. ಪ್ರತಿ ಹೊಡೆತದ ದೂರ, ಕೋನ, ಗೋಲಿನ ಯಾವ ಮೂಲೆಗೆ ಹೋಗುತ್ತಿತ್ತು ಎಂಬುದನ್ನು ನೋಡಿ ಅದು ಗೋಲಾಗುವ ಸಾಧ್ಯತೆ ಕಟ್ಟುತ್ತಾರೆ. ಹಾಗೆ ಕೂಡಿಸಿ ಒಬ್ಬ ಕೀಪರ್ 40 ಗೋಲು ಬಿಡಬೇಕಿತ್ತು ಎಂದು ಬಂದು, ಅವನು 34 ಬಿಟ್ಟಿದ್ದರೆ, ಅವನು ಉಳಿಸಿದ್ದು 6 ಎಂದರ್ಥ. ಆರು ಗೋಲು ಕಡಿಮೆ ಎನ್ನಿಸಬಹುದು. ಆದರೆ ಆ ಸೀಸನ್‌ನಲ್ಲಿ 97 ಅಂಕ ಪಡೆದ ಲಿವರ್‌ಪೂಲ್, 98 ಪಡೆದ ಮ್ಯಾಂಚೆಸ್ಟರ್ ಸಿಟಿಯ ಹಿಂದೆ ಎರಡನೆಯದಾಯಿತು. ಒಂದೇ ಅಂಕ!

ಬೆಂಗಳೂರಿನಲ್ಲೇ ನಡೆದದ್ದು

ದೂರದ ಮಾತೇಕೆ. 2023ರ ಸ್ಯಾಫ್ ಚಾಂಪಿಯನ್‌ಷಿಪ್ ನಡೆದದ್ದು ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ. ಸೆಮಿಫೈನಲ್‌ನಲ್ಲಿ ಲೆಬನಾನ್‌ನ ಮೊದಲ ಪೆನಾಲ್ಟಿಯನ್ನೇ ಗುರ್‌ಪ್ರೀತ್ ಸಿಂಗ್ ಸಂಧು ತಡೆದ. ಜುಲೈ 4ರ ಫೈನಲ್ ಕುವೈತ್ ಎದುರು 1-1, ಶೂಟೌಟ್‌ನಲ್ಲಿ ಐದೈದು ಹೊಡೆತದ ನಂತರವೂ 4-4. ಆರನೆಯದನ್ನು ಮಹೇಶ್ ಸಿಂಗ್ ಗೋಲಾಗಿಸಿದ, ಕುವೈತ್ ನಾಯಕನ ಹೊಡೆತವನ್ನು ಗುರ್‌ಪ್ರೀತ್ ತಡೆದ, ಕಪ್ ಭಾರತಕ್ಕೆ. ಅದಕ್ಕೂ ಮೂರೂವರೆ ತಿಂಗಳ ಹಿಂದೆ ಗೋವಾದಲ್ಲಿ ಐಎಸ್ಎಲ್ ಫೈನಲ್. ಬೆಂಗಳೂರು ಎಫ್‌ಸಿ ಗೋಲಿನಲ್ಲಿ ಇದೇ ಗುರ್‌ಪ್ರೀತ್. ಮೋಹನ್ ಬಾಗಾನ್ ಹೊಡೆದ ನಾಲ್ಕೂ ಪೆನಾಲ್ಟಿ ಒಳಗೆ ಹೋದವು, ಆ ಕಡೆಯ ಕೀಪರ್ ವಿಶಾಲ್ ಕೈತ್ ಒಂದು ತಡೆದ, ಬೆಂಗಳೂರಿನ ಇನ್ನೊಂದು ಹೊಡೆತ ಮೇಲೆ ಹಾರಿತು.

ಮುರಿದ ಬೆರಳುಗಳ ಸುಳ್ಳು ಕಥೆ

ಕೊನೆಗೆ, ಆಗಾಗ ಮೇಲೇಳುವ ಒಂದು ವದಂತಿ. 1986ರ ಮೇ 7ರಂದು ಸೆವಿಲ್‌ನಲ್ಲಿ ಯುರೋಪಿಯನ್ ಕಪ್ ಫೈನಲ್, ರೊಮೇನಿಯಾದ ಸ್ಟೆವಾ ತಂಡ ಬಾರ್ಸಿಲೋನಾ ಎದುರು 0-0. ಶೂಟೌಟ್‌ನಲ್ಲಿ ಹೆಲ್ಮುತ್ ಡುಕಾಡಾಮ್ ಬಾರ್ಸಿಲೋನಾದ ನಾಲ್ಕಕ್ಕೆ ನಾಲ್ಕೂ ಪೆನಾಲ್ಟಿ ತಡೆದ. ಸ್ಟೆವಾದ ಮೊದಲ ಎರಡು ಹೊಡೆತವೂ ವ್ಯರ್ಥವಾಗಿದ್ದವು, ನಂತರದ ಎರಡು ಗೋಲಾಗಿ 2-0ಯಿಂದ ಗೆದ್ದರು. ಅದಾಗಿ ಸ್ವಲ್ಪ ಕಾಲಕ್ಕೆ ಡುಕಾಡಾಮ್ ಮೈದಾನದಿಂದ ಮರೆಯಾದ. ಗೆಲುವಿಗಾಗಿ ಸ್ಪೇನ್‌ನಿಂದ ಉಡುಗೊರೆಯಾಗಿ ಬಂದ ಮರ್ಸಿಡಿಸ್ ಕಾರನ್ನು ಸರ್ವಾಧಿಕಾರಿ ಚೌಷೆಸ್ಕುವಿನ ಮಗನಿಗೆ ಕೊಡಲು ಒಪ್ಪದ್ದಕ್ಕೆ ಅವನ ಕೈ ಮುರಿಸಿದರು ಎಂಬ ಕಥೆ ಹಬ್ಬಿತು, ಇವತ್ತಿಗೂ ಫೋಟೊ ಸಮೇತ ಸುತ್ತುತ್ತಿದೆ. ಇದನ್ನು ಡುಕಾಡಾಮ್ ತಾನೇ ನಿರಾಕರಿಸಿದ್ದ. ಅವನಿಗೆ ಆಗಿದ್ದು ಬಲಗೈಯ ರಕ್ತನಾಳದ ತೊಂದರೆ, ರಕ್ತ ಹೆಪ್ಪುಗಟ್ಟಿ ಶಸ್ತ್ರಚಿಕಿತ್ಸೆ ಬೇಕಾಯಿತು. ಕೆಲ ವರ್ಷಗಳ ನಂತರ ಅವನು ಕೆಳ ಹಂತದ ತಂಡವೊಂದರ ಪರ ಅದೇ ಕೈಗಳಲ್ಲಿ ಮತ್ತೆ ಗ್ಲೌಸ್ ತೊಟ್ಟು ಆಡಿದ.