ನಳ ಬರುವ ದಿನ: ಸಪ್ತಾಪುರದ ಬೇಸಿಗೆ, ಬರ ಮತ್ತು ಪಾಳಿಯ ಲೆಕ್ಕ

ಧಾರವಾಡದ ಮನೆಮಾತಿನಲ್ಲಿ ನೀರಿಗಿಂತ ಹೆಚ್ಚಾಗಿ ‘ಬರುವುದು’ ನಳ. ‘ನಳಾ ಬಂತೇನ್ರೀ ಅಕ್ಕಾರ?’ ಎಂದು ಒಬ್ಬರು ಕೇಳಿದರೆ, ‘ಇಲ್ರೀ, ನಮ್ಮ ಪಾಳಿ ನಾಡದ’ ಎಂದು ಮತ್ತೊಬ್ಬರು ಗೋಡೆಯಾಚೆಯಿಂದ ಹೇಳುತ್ತಾರೆ. ಅಂಗಳದಲ್ಲಿ ಹೂತುಕೊಂಡ ನಳ ಎಲ್ಲಿಂದಲೂ ಬರುವುದಿಲ್ಲ. ಆದರೂ ಈ ಸೀಮೆಯ ಭಾಷೆ ಅದಕ್ಕೆ ಬೀಗರ ಹಾಗೆ ಬಂದು ಹೋಗುವ ನಡೆಯನ್ನು ಕೊಟ್ಟಿದೆ. ‘ಪಾಳಿ’ ಎಂದರೆ ಸರದಿ. ಸಾಲಿನಲ್ಲಿ ನಿಂತವರ ಸರದಿಗೂ ದಿನಗಳ ಸರದಿಗೂ ಇದೊಂದೇ ಮಾತು. ಸಪ್ತಾಪುರದಂಥ ಬಡಾವಣೆಯಲ್ಲಿ ಬರ ಮತ್ತು ಬಿಸಿಲು ಜನರ ದಿನವನ್ನು ಹೇಗೆ ಕಟ್ಟುತ್ತವೆ, ಹೇಗೆ ಮುರಿಯುತ್ತವೆ ಎಂದು ತಿಳಿಯಬೇಕಾದರೆ ಮಳೆಮಾಪಕ, ಉಷ್ಣಮಾಪಕಗಳ ಜೊತೆಗೆ ಈ ಎರಡು ಮಾತುಗಳನ್ನೂ ಅಳತೆಗೋಲಾಗಿ ಹಿಡಿಯಬೇಕು ಎಂಬುದು ಈ ಲೇಖನದ ವಾದ. ಮುಖ್ಯ ಆಧಾರ 2023–24ರ ಬರ. 2016–17ರ ಬರವನ್ನು ಹೋಲಿಕೆಗೆ ಇಟ್ಟುಕೊಂಡಿದ್ದೇನೆ.

ಸಪ್ತಾಪುರ ಧಾರವಾಡದ ಕರ್ನಾಟಕ ಕಾಲೇಜಿನ ನೆರೆಯಲ್ಲಿದೆ. ‘ಸಪ್ತಾಪುರ ಬಾವಿ’ ಎಂದರೆ ಇಂದು ಊರಿನವರಿಗೆ ನೆನಪಾಗುವುದು ಬಸ್ ನಿಲ್ಲುವ ಜಾಗ. ಸೇದುವ ನೀರಿನ ಗುರುತಾಗಿದ್ದ ಹೆಸರು ಹಾದಿಯ ಗುರುತಾಗಿ ಉಳಿದಿದೆ. ಹಳೆಯ ಸಪ್ತಾಪುರದ್ದು ಮಂಗಳೂರು ಹಂಚಿನ ಮನೆಗಳು, ಸುತ್ತ ಕಾಂಪೌಂಡು, ಒಳಗೆ ಮಾವು, ತೆಂಗು, ಮಲ್ಲಿಗೆ ಹಂಬು. ಈಗ ಅಂಥ ಮನೆಗಳ ನಡುವೆ ಮೂರು ನಾಲ್ಕು ಅಂತಸ್ತಿನ ಪಿ.ಜಿ.ಗಳು, ಕೋಚಿಂಗ್ ಕೇಂದ್ರಗಳು, ತಿಂಗಳ ಬಾಡಿಗೆಗೆ ಕುರ್ಚಿ ಕೊಡುವ ರೀಡಿಂಗ್ ರೂಮುಗಳು, ಖಾನಾವಳಿಗಳು ಎದ್ದಿವೆ. ಪಿ.ಎಸ್.ಐ., ಕೆ.ಎ.ಎಸ್., ಎಫ್.ಡಿ.ಎ. ಪರೀಕ್ಷೆಗೆ ಓದುವ ಸಾವಿರಾರು ಹುಡುಗ ಹುಡುಗಿಯರು ಉತ್ತರ ಕರ್ನಾಟಕದ ಹಳ್ಳಿಗಳಿಂದ ಇಲ್ಲಿಗೆ ಬಂದು ನೆಲೆಸುತ್ತಾರೆ. ಒಂದು ಕುಟುಂಬವಿದ್ದ ಜಾಗದಲ್ಲಿ ನಲವತ್ತು ಜನ ಸ್ನಾನ ಮಾಡುತ್ತಾರೆ. ಹಂಚಿನ ಕೆಳಗೆ ಗಾಳಿಯಾಡುತ್ತಿದ್ದ ಜಾಗದಲ್ಲಿ ಕಾಂಕ್ರೀಟ್ ಸ್ಲ್ಯಾಬು ಹಗಲೆಲ್ಲ ಕಾದು ರಾತ್ರಿ ತನ್ನ ಕಾವನ್ನು ಕೋಣೆಯೊಳಗೆ ಬಿಡುತ್ತದೆ.

ಹವಾಮಾನ ಇಲಾಖೆಯ ಕಡತದಲ್ಲಿ ಮಾತ್ರ ಈ ಕಾವಿಗೆ ಜಾಗ ಸಿಗುವುದು ಕಷ್ಟ. ಭಾರತೀಯ ಹವಾಮಾನ ಇಲಾಖೆಯ ಪ್ರಕಾರ ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಬಿಸಿಗಾಳಿ, 6.4ನ್ನು ಮೀರಿದರೆ ತೀವ್ರ ಬಿಸಿಗಾಳಿ. ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿ, ಮಲೆನಾಡಿನ ಸೆರಗಿನಲ್ಲಿರುವ ಧಾರವಾಡ ಏಪ್ರಿಲ್‌ನಲ್ಲಿ 37–38 ಡಿಗ್ರಿಯಲ್ಲಿ ಬೇಯುತ್ತಿರುವಾಗ, ಅದೇ ಉತ್ತರ ಒಳನಾಡು ಉಪವಿಭಾಗದ ಕಲಬುರಗಿ, ರಾಯಚೂರು 41–42ರಲ್ಲಿರುತ್ತವೆ. ಹೋಲಿಸಿದಾಗ ಧಾರವಾಡ ತಂಪು. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ ಹೊತ್ತಿಗೆ ಸರಿಸುವ ಆದೇಶ ಕಲಬುರಗಿ ವಿಭಾಗಕ್ಕೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಗೂ ಸಾಮಾನ್ಯವಾಗಿ ಬರುತ್ತದೆ, ಧಾರವಾಡ ಅದರಲ್ಲಿಲ್ಲ. ‘ಚಿಕ್ಕ ಮಹಾಬಳೇಶ್ವರ’ ಎಂದು ಹಿರಿಯರು ಹೆಮ್ಮೆಯಿಂದ ಕರೆದ ಊರಿಗೆ ಬಿಸಿಲಿನ ಬಾಧೆಯನ್ನು ದಾಖಲಿಸುವ ಹಕ್ಕೇ ಇಲ್ಲದಂತಾಗಿದೆ. ಇಲಾಖೆಯ ಉಷ್ಣಮಾಪಕ ನೆರಳಿನ ಪೆಟ್ಟಿಗೆಯಲ್ಲಿ, ಗಾಳಿಗೆ ತೆರೆದು ನಿಂತಿರುತ್ತದೆ. ಸ್ಲ್ಯಾಬಿನ ಕೆಳಗೆ ನಾಲ್ವರು ಮಲಗುವ ಕೋಣೆಯ ರಾತ್ರಿಯನ್ನು ಅದು ಅಳೆಯುವುದಿಲ್ಲ.

ಬರದ ಅಳತೆಗೂ ಇದೇ ಮಿತಿ ಇದೆ. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯಂತೆ ಬರ ಘೋಷಿಸುವಾಗ ಮಳೆಯ ಕೊರತೆ, ಒಣಹವೆಯ ಅವಧಿ, ಬಿತ್ತನೆ, ಉಪಗ್ರಹದಲ್ಲಿ ಕಾಣುವ ಹಸಿರು, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲದ ಮಟ್ಟ ಇವನ್ನು ನೋಡುತ್ತಾರೆ. ಹೊಲಕ್ಕೆ ಇವು ಸರಿಯಾದ ಸೂಚ್ಯಂಕಗಳೇ. ಪೇಟೆಯ ಓಣಿಯಲ್ಲಿ ಎಷ್ಟು ದಿನಕ್ಕೊಮ್ಮೆ ನಳ ಬಂತು ಎಂಬುದು ಆ ಪಟ್ಟಿಯಲ್ಲಿಲ್ಲ.

‘ಬರಗಾಲದಾಗ ಅಧಿಕ ಮಾಸ’ ಎಂಬ ಗಾದೆ 2023ರಲ್ಲಿ ಅಕ್ಷರಶಃ ನಡೆಯಿತು. ಆ ವರ್ಷ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ. ಆಗಸ್ಟ್‌ನಲ್ಲಿ ದೇಶದ ಮಳೆ ವಾಡಿಕೆಗಿಂತ ಶೇ. 36ರಷ್ಟು ಕಡಿಮೆಯಾಯಿತು, 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ದಾಖಲಾಗಿರಲಿಲ್ಲ. ಎಲ್ ನಿನೊ ಬಲಗೊಂಡ ವರ್ಷ ಅದು. ರಾಜ್ಯ ಸರ್ಕಾರ ಸೆಪ್ಟೆಂಬರ್ 13ರಂದು 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿತು; ಮುಂದೆ ಆ ಸಂಖ್ಯೆ 236ರಲ್ಲಿ 223ಕ್ಕೆ ಏರಿತು. ಪರಿಹಾರದ ಹಣಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋದದ್ದು 2024ರ ಮಾರ್ಚ್‌ನಲ್ಲಿ. ಏಪ್ರಿಲ್ ಕೊನೆಗೆ ಕೇಂದ್ರದಿಂದ ಸುಮಾರು 3,454 ಕೋಟಿ ರೂಪಾಯಿ ಬಂತು. ಅಷ್ಟರಲ್ಲಿ ಬೇಸಿಗೆ ನೆತ್ತಿಗೇರಿತ್ತು.

ಮಳೆಯ ಕೊರತೆ ಸಪ್ತಾಪುರದ ಬಚ್ಚಲಿಗೆ ತಲುಪುವ ಹಾದಿ ಉದ್ದವಾದದ್ದು. ಧಾರವಾಡ ನೀರು ಹಂಚುವ ದಿಣ್ಣೆಯ ಮೇಲೆ ಕೂತ ಊರು. ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡಿ ಅರಬ್ಬೀ ಸಮುದ್ರಕ್ಕೆ ಹೋಗುತ್ತಾಳೆ. ಮೂಡಣ ಇಳಿಜಾರಿನ ನೀರು ಹಳ್ಳಗಳಲ್ಲಿ ಹರಿದು ಮಲಪ್ರಭೆ, ಕೃಷ್ಣೆಯರ ಮೂಲಕ ಬಂಗಾಳ ಕೊಲ್ಲಿಗೆ. ದಿಣ್ಣೆಯ ಮೇಲಿನವರಿಗೆ ದೊಡ್ಡ ನದಿ ಇಲ್ಲ, ಆಳದ ಮರಳುಪದರವೂ ಇಲ್ಲ. ಕೆಳಗಿರುವುದು ಭೂವಿಜ್ಞಾನಕ್ಕೆ ಈ ಊರಿನ ಹೆಸರನ್ನೇ ಕೊಟ್ಟ ಧಾರವಾಡ ಶಿಲಾವರ್ಗದ ಗಟ್ಟಿ ಕಲ್ಲು. ಮೇಲಿನ ಸವೆದ ಪದರದಲ್ಲಿ ನಿಲ್ಲುವ ನೀರು ತೆರೆದ ಬಾವಿಗೆ, ಬಿರುಕುಗಳಲ್ಲಿ ಸಿಕ್ಕಷ್ಟು ಬೋರಿಗೆ. ಮಳೆ ತಪ್ಪಿದರೆ ಮೊದಲು ಬಾವಿ, ಹಿಂದೆಯೇ ಬೋರು. ಹಿಂದಿನವರು ಅದಕ್ಕೇ ಕೆರೆ ಕಟ್ಟಿದರು. ಕೆಲಗೇರಿಯ ಕೆರೆ ಒಂದು ಕಾಲಕ್ಕೆ ಊರಿಗೆ ಕುಡಿಯುವ ನೀರು ಕೊಟ್ಟದ್ದು.

ಈಗಿನ ನೀರು ಬರುವುದು ಸವದತ್ತಿ ಬಳಿಯ ನವಿಲುತೀರ್ಥದ ರೇಣುಕಾಸಾಗರದಿಂದ. 1983ರಿಂದ ಹುಬ್ಬಳ್ಳಿ–ಧಾರವಾಡ ಅವಳಿನಗರ ಅದನ್ನು ನೆಚ್ಚಿಕೊಂಡಿದೆ. ಜಲಾಶಯದ ಪೂರ್ಣಮಟ್ಟ 2079.50 ಅಡಿ, ಧಾರವಾಡ ಅದಕ್ಕಿಂತ ಮುನ್ನೂರು ಅಡಿಯಷ್ಟು ಮೇಲಿದೆ. ಹಾಗಾಗಿ ನೀರನ್ನು ಎತ್ತಬೇಕು, ಅಮ್ಮಿನಬಾವಿಯಲ್ಲಿ ಶುದ್ಧ ಮಾಡಬೇಕು, ಮತ್ತೆ ಟಾಕಿಗೆ ಏರಿಸಬೇಕು. ಕರೆಂಟು ಹೋದರೆ ಪಾಳಿಯೂ ತಪ್ಪುತ್ತದೆ. 2023ರ ಅಕ್ಟೋಬರ್‌ನಲ್ಲಿ ರಾಜ್ಯಕ್ಕೆ ವಿದ್ಯುತ್ ಅಭಾವ ಬಂದಾಗ ನೀರು ಮತ್ತು ಕರೆಂಟು ಒಂದೇ ಬರದ ಎರಡು ಮುಖ ಎಂಬುದು ಗೊತ್ತಾಯಿತು. 2016–17ರಲ್ಲಿ ಕಲಘಟಗಿ ತಾಲ್ಲೂಕಿನ ನೀರಸಾಗರ ಬತ್ತಿ, ಅದನ್ನು ನಂಬಿದ್ದ ಹುಬ್ಬಳ್ಳಿಯ ಭಾಗಗಳೂ ಮಲಪ್ರಭೆಯತ್ತ ಕೈಚಾಚಬೇಕಾಯಿತು. ಒಂದು ಕೊಡದ ನೀರಿಗೆ ಎರಡು ಮನೆ. ಮಹದಾಯಿ ಕೊಳ್ಳದ ನಾಲೆಗಳ ನೀರನ್ನು ಮಲಪ್ರಭೆಗೆ ತರಬೇಕೆಂದು 2015ರ ಜುಲೈನಲ್ಲಿ ನರಗುಂದದಲ್ಲಿ ಆರಂಭವಾದ ಕಳಸಾ–ಬಂಡೂರಿ ಹೋರಾಟದ ಬೇರು ಇಂಥ ಅಭಾವದಲ್ಲೇ ಇದೆ. ಅವಳಿನಗರದ ಕುಡಿಯುವ ನೀರೇ ಆ ಬೇಡಿಕೆಯ ತಿರುಳು. 2018ರ ಆಗಸ್ಟ್ 14ರಂದು ಮಹದಾಯಿ ನ್ಯಾಯಮಂಡಳಿ ಈ ಎರಡು ನಾಲೆಗಳಿಗೆ 3.9 ಟಿ.ಎಂ.ಸಿ. ಹಂಚಿತು. ಇಷ್ಟು ವರ್ಷಗಳ ಮೇಲೂ 2024ರ ಬೇಸಿಗೆಯಲ್ಲಿ ಆ ನೀರು ಮಲಪ್ರಭೆಗೆ ಸೇರಿರಲಿಲ್ಲ.

ಈಗ ಮನೆಯೊಳಗೆ ಬರೋಣ. ವಾರಕ್ಕೊಮ್ಮೆ, ಬಿಗಿಯಾದಾಗ ಅದಕ್ಕೂ ತಡವಾಗಿ ಬರುವ ನಳ ಹೊತ್ತು ಕೇಳುವುದಿಲ್ಲ. ರಾತ್ರಿ ಎರಡಕ್ಕೆ ಕೊಳವೆಯಲ್ಲಿ ಗಾಳಿ ಸುಯ್ಯೆಂದರೆ ಮೊದಲು ಎಚ್ಚರಾಗುವವರು ಹೆಂಗಸರು. ತುಂಬುವುದಕ್ಕೊಂದು ಕ್ರಮವಿದೆ. ಮೊದಲ ನೀರು ಕೆಂಪಗೆ ಬರುವುದರಿಂದ ಅದು ಬಚ್ಚಲಿಗೆ, ಗಿಡಕ್ಕೆ. ತಿಳಿಯಾದ ಮೇಲೆ ಬಟ್ಟೆ ಕಟ್ಟಿದ ತಾಮ್ರದ ಕೊಡಕ್ಕೆ, ಹರವಿಗೆ ಕುಡಿಯುವ ನೀರು. ಆಮೇಲೆ ಹಂಡೆ, ಡ್ರಮ್ಮು, ಬಕೆಟ್ಟು, ಕೊನೆಗೆ ಅಡುಗೆಮನೆಯ ತಪ್ಪಲಿ, ಚರಿಗೆ. ಮೋಟರು ಹಚ್ಚಿ ಸಿಂಟೆಕ್ಸಿಗೆ ಏರಿಸುವವರ ಪಕ್ಕದಲ್ಲಿ ಮೋಟರಿಲ್ಲದವರ ನಳ ಸಣ್ಣಗಾಗುತ್ತದೆ. ಓಣಿಯ ಬಹುಪಾಲು ಜಗಳ ಹುಟ್ಟುವುದು ಇಲ್ಲಿ. ತುಂಬಿದ ನೀರಿಗೂ ವಯಸ್ಸಿದೆ. ಎರಡನೆಯ ದಿನದ ನೀರು, ಐದನೆಯ ದಿನದ ನೀರು ಬೇರೆ ಬೇರೆ ಕೆಲಸಕ್ಕೆ. ಅಕ್ಕಿ ತೊಳೆದ ನೀರು ತುಳಸಿಗೆ, ಬಟ್ಟೆ ಒಗೆದ ನೀರು ಪಾಯಖಾನೆಗೆ. ಖಾನಾವಳಿಯಲ್ಲಿ ರೊಟ್ಟಿಗೆ ಹೆಚ್ಚು ನೀರು ಬೇಡ, ತಾಟು ತೊಳೆಯುವುದಕ್ಕೆ ಬೇಕು. ಟ್ಯಾಂಕರ್ ತುಟ್ಟಿಯಾದ ವಾರ ಸ್ಟೀಲ್ ತಾಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಬಂದರೆ ಎಲ್ಲರಿಗೂ ಕಾರಣ ತಿಳಿಯುತ್ತದೆ.

ಬಿಸಿಲಿಗೂ ಪಾಳಿಗೂ ನಂಟು ಏರ್ಪಡುವುದು ದೇಹದಲ್ಲಿ. ಮೈ ತಣ್ಣಗಾಗುವ ಮುಖ್ಯ ದಾರಿ ಬೆವರು. ಬೆವರಿಗೆ ಕುಡಿಯುವ ನೀರು ಬೇಕು, ಬೆವರಿದ ಮೈಗೆ ಸ್ನಾನ ಬೇಕು. ಅಂದರೆ 38 ಡಿಗ್ರಿ ಮತ್ತು ದಿನವೂ ನೀರು ಒಂದು ಸ್ಥಿತಿ. 38 ಡಿಗ್ರಿ ಮತ್ತು ಎಂಟನೆಯ ದಿನದ ಡ್ರಮ್ಮಿನ ತಳ ಇನ್ನೊಂದು. ಉಷ್ಣಮಾಪಕಕ್ಕೆ ಎರಡೂ ಒಂದೇ. ಹುಡುಗಿಯರ ಪಿ.ಜಿ.ಗಳಲ್ಲಿ ಮುಟ್ಟಿನ ದಿನಗಳು ಪಾಳಿ ತಪ್ಪಿದ ದಿನಗಳ ಮೇಲೆ ಬಿದ್ದಾಗ ಆಗುವ ಕಷ್ಟವನ್ನು ಯಾವ ವರದಿಯಲ್ಲೂ ಸಾಲಾಗಿ ಬರೆದಿಲ್ಲ. ಶೌಚಾಲಯಕ್ಕೆ ಹೋಗುವುದನ್ನು ತಪ್ಪಿಸಲು ನೀರು ಕುಡಿಯುವುದನ್ನೇ ಕಡಿಮೆ ಮಾಡುವುದು ಬೇಸಿಗೆಯಲ್ಲಿ ಎಷ್ಟು ಅಪಾಯ ಎಂಬುದನ್ನು ವೈದ್ಯರು ಹೇಳಬೇಕಾಗಿಲ್ಲ.

ನೀರಿನ ವಿಷಯದಲ್ಲಿ ಹುಬ್ಬಳ್ಳಿ–ಧಾರವಾಡ ಜಗತ್ತಿನ ವಿದ್ವಾಂಸರಿಗೆ ಅಪರಿಚಿತವಲ್ಲ. ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ 2008ರ ಹೊತ್ತಿಗೆ ಇಲ್ಲಿನ ಎಂಟು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬಂತು. ಉಳಿದ ಊರಿಗೆ ಪಾಳಿಯೇ ಗತಿಯಾಯಿತು. ಒಂದೇ ಊರು, ಒಂದೇ ಹೊಳೆ, ಎರಡು ಬಗೆಯ ನಳ ಎಂಬ ಕಾರಣಕ್ಕೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿಗೆ ಬಂದರು. ಎಮಿಲಿ ಕಂಪಲ್ ಮತ್ತು ಕಾರಾ ನೆಲ್ಸನ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಾಳಿಯ ನೀರು ನಿರಂತರ ನೀರಿಗಿಂತ ಹೆಚ್ಚು ಮಲಿನವಾಗಿ ಕಂಡಿತು. ಖಾಲಿ ಕೊಳವೆಯೊಳಗೆ ಹೊರಗಿನ ಕೊಳೆ ಸೇರುವುದು ಇದಕ್ಕೊಂದು ಕಾರಣ. 2015ರಲ್ಲಿ ಐಶೆ ಎರ್ಜುಮೆನ್ ಮತ್ತು ಸಂಗಡಿಗರು ರೋಗಗಳ ಲೆಕ್ಕ ಕೊಟ್ಟರು. ಮಕ್ಕಳ ಭೇದಿಯಲ್ಲಿ ಒಟ್ಟಾರೆ ಹೇಳುವಂಥ ವ್ಯತ್ಯಾಸ ಸಿಗಲಿಲ್ಲ, ಆದರೆ ವಿಷಮಶೀತಜ್ವರ, ಬಡ ಮನೆಗಳ ರಕ್ತಭೇದಿ ನಿರಂತರ ನೀರಿದ್ದಲ್ಲಿ ಕಡಿಮೆ ಇದ್ದವು. ವಾಲ್ವ್ ತಿರುಗಿಸುವವರಿಂದ ಸುದ್ದಿ ಪಡೆದು ‘ನಿಮ್ಮ ಓಣಿಗೆ ನೀರು ಬಿಡುತ್ತಾರೆ’ ಎಂದು ಮೊಬೈಲಿಗೆ ಸಂದೇಶ ಕಳಿಸುವ ‘ನೆಕ್ಸ್ಟ್‌ಡ್ರಾಪ್’ ಎಂಬ ಸೇವೆ ಹುಟ್ಟಿದ್ದೂ ಅದೇ ದಶಕದಲ್ಲಿ, ಇದೇ ಊರಲ್ಲಿ. ಈ ಅಧ್ಯಯನಗಳನ್ನು ಗೌರವಿಸುತ್ತೇನೆ. ಆದರೆ ಅವುಗಳ ಘಟಕ ‘ಮನೆ’. ಸಪ್ತಾಪುರದ ಬಹುಪಾಲು ಜನ ಮನೆಯಲ್ಲಿಲ್ಲ, ಬಾಡಿಗೆಯ ಹಾಸಿಗೆಯಲ್ಲಿದ್ದಾರೆ. ಅವರ ಹೆಸರಲ್ಲಿ ನಳವಿಲ್ಲ, ನೀರಿನ ಬಿಲ್ಲಿಲ್ಲ, ಎಷ್ಟೋ ಜನರಿಗೆ ಇಲ್ಲಿ ಓಟೂ ಇಲ್ಲ.

ಅವರಿಗೆ ಬರ ಎರಡು ದಾರಿಯಿಂದ ಬರುತ್ತದೆ. ಒಂದು ನಳದ ದಾರಿ. ಇನ್ನೊಂದು ಊರಿನ ದಾರಿ. ನವಲಗುಂದದ ಎರಿ ಹೊಲದಲ್ಲಿ ಹೆಸರು ಕೈಕೊಟ್ಟರೆ, ಕೊಪ್ಪಳದಲ್ಲಿ ಸಜ್ಜೆ ಒಣಗಿದರೆ, ಸಪ್ತಾಪುರದ ಕೋಣೆಯ ಬಾಡಿಗೆ ತಡವಾಗುತ್ತದೆ. ‘ಅಪ್ಪಗ ಈ ತಿಂಗಳ ಕೇಳಾಕ ಮನಸಾಗೂದಿಲ್ರೀ’ ಎನ್ನುವ ಹುಡುಗ ಮೊದಲು ಬಿಡುವುದು ಮಧ್ಯಾಹ್ನದ ಊಟ, ಆಮೇಲೆ ರೀಡಿಂಗ್ ರೂಮಿನ ಕುರ್ಚಿ. ಆ ಕುರ್ಚಿಯ ಮೇಲೊಂದು ಫ್ಯಾನಿತ್ತು. ಹೊಲದ ಬರ ಹೀಗೆ ಪೇಟೆಯ ಬಿಸಿಲಾಗಿ ಮಾರ್ಪಡುತ್ತದೆ. ಹೊಲವನ್ನೂ ಪೇಟೆಯನ್ನೂ ಬೇರೆ ಬೇರೆ ಇಲಾಖೆಗಳು ಅಳೆಯುವುದರಿಂದ ಈ ಸಂಬಂಧ ಯಾರ ಕಡತಕ್ಕೂ ಸೇರುವುದಿಲ್ಲ.

ಈ ನೆರೆಹೊರೆಗೆ ಬರದ ನೆನಪು ಹೊಸದಲ್ಲ. 1876–78ರ ಮಹಾಕ್ಷಾಮದಲ್ಲಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ ನರಳಿತು. ಕ್ಷಾಮದ ಸೀಮೆಗೆ ಧಾನ್ಯ ಸಾಗಿಸುವ ರೈಲು ಬೇಕೆಂಬ ಚರ್ಚೆಯ ಬೆನ್ನಿಗೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿ, ಧಾರವಾಡದಲ್ಲಿ ಮುಖ್ಯ ಕಚೇರಿ ಕಟ್ಟಿತು. ಆ ಕಲ್ಲಿನ ಕಟ್ಟಡವೇ ಇಂದಿನ ಕರ್ನಾಟಕ ಕಾಲೇಜು. ಬರದ ಸೀಮೆಯ ಮಕ್ಕಳು ಓದಲು ಬರುವ ನೆರೆಹೊರೆಯಲ್ಲಿ ಕ್ಷಾಮದ ನೆನಪಿನ ಕಟ್ಟಡವೊಂದು ನಿಂತಿದೆ. ಆಗಿನ ಆಡಳಿತ ಕ್ಷಾಮವನ್ನು ಧಾನ್ಯದ ಬೆಲೆಯಿಂದ, ಪರಿಹಾರದ ಕೂಲಿಗೆ ಬಂದವರ ತಲೆಯಿಂದ ಎಣಿಸಿ ಬರೆದಿಟ್ಟಿತು. ಆ ಎಣಿಕೆಯಲ್ಲಿ ಕ್ರೌರ್ಯವೂ ಇತ್ತು. ಆದರೂ ಬರೆದಿಟ್ಟದ್ದರಿಂದ ಇಂದು ನಾವು ಅದನ್ನು ಪ್ರಶ್ನಿಸಬಲ್ಲೆವು. ನಮ್ಮ ಕಾಲದ ಪಾಳಿಯನ್ನು ಓಣಿ ಓಣಿಗೂ ಎಣಿಸಿ ಪ್ರಕಟಿಸುವವರು ಯಾರೂ ಇಲ್ಲ.

ಆದ್ದರಿಂದ ಆಡಳಿತಕ್ಕೆ ಎರಡು ಕೋರಿಕೆ. ನೀರು ಬಿಡುವ ಸಿಬ್ಬಂದಿ ಯಾವ ಓಣಿಗೆ ಯಾವ ದಿನ, ಎಷ್ಟು ಹೊತ್ತು ವಾಲ್ವ್ ತೆರೆದರು ಎಂಬುದನ್ನು ಪಾಲಿಕೆ ತಿಂಗಳಿಗೊಮ್ಮೆ ಪ್ರಕಟಿಸಲಿ. ಬರ ಘೋಷಣೆಯ ಸೂಚ್ಯಂಕಗಳಲ್ಲಿ ಪಟ್ಟಣಗಳ ಪಾಳಿಯ ದಿನಗಳೂ ಸೇರಲಿ. ಇನ್ನೊಂದು ಕೋರಿಕೆ ಸಪ್ತಾಪುರದ, ಸಾಧನಕೇರಿಯ, ಮಾಳಮಡ್ಡಿಯ ತಾಯಂದಿರಿಗೆ. ಹಾಲಿನ ಲೆಕ್ಕ, ಸಿಲಿಂಡರಿನ ತಾರೀಖಿನ ಜೊತೆಗೆ ನಳ ಬಂದ ದಿನಕ್ಕೂ ಗುರುತು ಹಾಕುವ ಗೋಡೆಯ ಕ್ಯಾಲೆಂಡರುಗಳು ನಿಮ್ಮಲ್ಲಿವೆ. ವರ್ಷ ಮುಗಿದ ಮೇಲೆ ದಯವಿಟ್ಟು ಅವನ್ನು ರದ್ದಿಗೆ ಹಾಕಬೇಡಿ.