ಹಿತ್ತಿಲ ಧಾರೆಹುಳಿ ಬೆಳೆಯಾದ ಕಥೆ

ಕೆಲವು ತಿಂಗಳುಗಳ ಹಿಂದೆ ಮಂಗಳೂರಿನ ಹಣ್ಣಿನ ಅಂಗಡಿಯೊಂದರಲ್ಲಿ ನಾಲ್ಕು ಧಾರೆಹುಳಿಗಳಿಗೆ ಬಿಳಿಯ ಜಾಲರಿ ತೊಡಿಸಿ, ತಟ್ಟೆಯಲ್ಲಿ ಜೋಡಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಮಾರಾಟಕ್ಕಿಟ್ಟಿದ್ದನ್ನು ಕಂಡೆ. ಚೀಟಿಯಲ್ಲಿ ‘ಸ್ಟಾರ್ ಫ್ರೂಟ್’ ಎಂದು ಬರೆದಿತ್ತು. ಜೊತೆಗಿದ್ದ ನನ್ನಾಕೆ ಬೆಲೆ ನೋಡಿ, “ನಮ್ಮಮ್ಮ ಇದರಲ್ಲಿ ದೇವರ ದೀಪ ತಿಕ್ಕುತ್ತಿದ್ದರಲ್ಲ!” ಎಂದಳು. ಅಂಗಡಿಯ ಹುಡುಗ ನಕ್ಕ. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಆಕೆ ಹೇಳಿದ್ದು ನಿಜ. ಈ ಕಾಯಿಯಲ್ಲಿರುವ ಆಕ್ಸಾಲಿಕ್ ಆಮ್ಲ ಹಿತ್ತಾಳೆಯ ಕಿಲುಬನ್ನು ತೆಗೆಯುತ್ತದೆ. ನಾನು ಕಲಿತ ಪ್ರಾಥಮಿಕ ಶಾಲೆಯ ಹಿಂದೆಯೂ ಇಂಥದೊಂದು ಮರವಿತ್ತು. ಕಾಗದದ ಪೊಟ್ಟಣದಲ್ಲಿ ಉಪ್ಪು, ಮೆಣಸಿನ ಪುಡಿ ಕಟ್ಟಿಕೊಂಡು ಬಂದು, ಮಧ್ಯಾಹ್ನದ ಬಿಡುವಿನಲ್ಲಿ ತಿಂದು, ಹಲ್ಲು ಚುಳ್ಳೆನ್ನಿಸಿಕೊಂಡು ತರಗತಿಗೆ ಮರಳುತ್ತಿದ್ದೆವು. ಮನೆಯಲ್ಲಿ ಅದು ಉಪ್ಪಿನಕಾಯಿಗೆ, ಗೊಜ್ಜಿಗೆ ಬಂದೀತೇ ಹೊರತು ಹಣ್ಣೆಂದು ಅತಿಥಿಗಳ ಮುಂದಿಡುವ ವಸ್ತುವಾಗಿರಲಿಲ್ಲ. ಮರವೋ, ಬಿಟ್ಟಾಗ ನೂರಾರು ಬಿಡುತ್ತಿತ್ತು. ನಾಲ್ಕು ಭಾಗದಲ್ಲಿ ಮೂರು ಭಾಗ ನೆಲಕ್ಕೆ ಬಿದ್ದು ಕೊಳೆಯುತ್ತಿತ್ತು. ಧಾರೆ ಎಂದರೆ ಕತ್ತಿಯ ಅಲಗು. ಕಾಯಿಯ ಐದು ಏಣುಗಳಿಂದಲೇ ಈ ಹೆಸರು ಬಂದಿರಬೇಕು. ಬೇರೆ ಕಡೆ ಇದನ್ನು ಕಮರಾಕ್ಷಿ ಎಂದೂ ಕರಬಲವೆಂದೂ ಕರೆಯುತ್ತಾರೆ. ಸಂಸ್ಕೃತದಲ್ಲಿ ಕರ್ಮರಂಗ.

ಈ ಹಣ್ಣು ಯುರೋಪಿನ ಪುಸ್ತಕಗಳಿಗೆ ಪರಿಚಯವಾದದ್ದು ನಮ್ಮ ಪಡುವಣ ಕರಾವಳಿಯಿಂದ ಎಂಬುದು ಸೋಜಿಗದ ಸಂಗತಿ. ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಒರ್ತಾ ಗೋವೆಯಲ್ಲಿ ನೆಲೆಸಿ, ಭಾರತದ ಔಷಧಿ ಮೂಲಿಕೆಗಳನ್ನು ಕುರಿತು ಬರೆದ ಗ್ರಂಥ 1563ರಲ್ಲಿ ಗೋವೆಯಲ್ಲೇ ಅಚ್ಚಾಯಿತು. ಭಾರತದಲ್ಲಿ ಮುದ್ರಣ ಆರಂಭವಾಗಿ ಆಗಿನ್ನೂ ಏಳು ವರ್ಷ. ಇಬ್ಬರು ಮಾತನಾಡಿಕೊಳ್ಳುವ ರೂಪದಲ್ಲಿರುವ ಆ ಗ್ರಂಥದಲ್ಲಿ ಕರ್ಪೂರದ ಚರ್ಚೆ ಮುಗಿಯುತ್ತಿದ್ದಂತೆ ಒರ್ತಾ ತನ್ನ ಮನೆಯ ಆಳುಹೆಣ್ಣಿಗೆ ಹೇಳಿ ಮರದಿಂದ ಈ ಹಣ್ಣನ್ನು ತರಿಸುತ್ತಾನೆ. ‘ಕರಂಬೋಲ’ ಎಂಬ ಹೆಸರನ್ನು ತಾವು ಮಲಬಾರಿನವರಿಂದ ಪಡೆದದ್ದೆಂದು ಒಪ್ಪಿಕೊಂಡು, ಗೋವೆ ಮತ್ತು ದಖ್ಖಣದ ಜನ ಇದನ್ನು ಕಮರಿಜ್ ಎನ್ನುತ್ತಾರೆ, ಮಲಾಯರು ಬಲಿಂಬ ಎನ್ನುತ್ತಾರೆ ಎಂದೂ ದಾಖಲಿಸುತ್ತಾನೆ. ನಮ್ಮ ಕಮರಾಕ್ಷಿ ಆ ಕಮರಿಜ್‌ನ ಬಳಗಕ್ಕೇ ಸೇರಿದ್ದೆಂದು ನನ್ನ ಊಹೆ. ಸಕ್ಕರೆಯಲ್ಲಿ ಪಾಕಗೊಳಿಸಿದ ಈ ಹಣ್ಣನ್ನು ಆತ ರೋಗಿಗಳಿಗೆ ಕೊಡುತ್ತಿದ್ದ. ಈ ಮಾತು ಓದುಗ ಮಿತ್ರರ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

1753ರಲ್ಲಿ ಲಿನೇಯಸ್ ಇದಕ್ಕೆ ಅವೆರೋವಾ ಕರಂಬೋಲ ಎಂದು ನಾಮಕರಣ ಮಾಡಿದ. ಮೊದಲ ಪದ ಹನ್ನೆರಡನೆಯ ಶತಮಾನದ ಕಾರ್ಡೋಬದ ತತ್ತ್ವಜ್ಞಾನಿ, ವೈದ್ಯ ಇಬ್ನ್ ರುಶ್ದ್‌ನ ಗೌರವಾರ್ಥ. ಎರಡನೆಯದು ನಮ್ಮ ಕರಾವಳಿಯದು.

ಹೆಸರು ಇಲ್ಲಿಂದ ಹೋದರೂ ಬೆಳೆ ಇಲ್ಲಿ ಹುಟ್ಟಲಿಲ್ಲ. ಕಾರಣ ಸರಳವಾದದ್ದು. ನಮ್ಮ ಮರಗಳೆಲ್ಲ ಬೀಜದಿಂದ ತಾವಾಗಿ ಹುಟ್ಟಿದವು. ಒಂದು ಹುಳಿ, ಇನ್ನೊಂದು ಅದಕ್ಕಿಂತ ಹುಳಿ. ಮನೆಗೆ ಬೇಕಾದದ್ದೂ ಹುಳಿಯೇ. ಅಡಿಕೆ, ಕಾಳುಮೆಣಸಿನ ನಡುವೆ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇದರ ಮೂಲ ನೆಲೆ ಎನ್ನಲಾಗುವ ಆಗ್ನೇಯ ಏಷ್ಯಾದಲ್ಲಿ, ಮುಖ್ಯವಾಗಿ ಮಲೇಷ್ಯದಲ್ಲಿ, ನಡೆದದ್ದೇ ಬೇರೆ. ಅಲ್ಲಿನ ಕೃಷಿ ಇಲಾಖೆ ಸಿಹಿ ಮರಗಳನ್ನು ಹುಡುಕಿ, ಕಸಿ ಕಟ್ಟಿ, ‘ಬೆಲಿಂಬಿಂಗ್’ ಎಂಬ ಮಲಯ ಹೆಸರಿನ ಮೊದಲಕ್ಷರದೊಡನೆ ಸಂಖ್ಯೆ ಕೊಟ್ಟು ನೋಂದಾಯಿಸಿತು. ಬಿ10 ಎಂಬ ತಳಿ ರಫ್ತಿನ ಹಣ್ಣಾಗಿ ಯುರೋಪಿನ ಮಾರುಕಟ್ಟೆಗೆ ಹೊರಟಿತು.

ಕಸಿ ಕಟ್ಟಿದರೆ ಕೆಲಸ ಮುಗಿಯಲಿಲ್ಲ. ಧಾರೆಹುಳಿಯ ಹೂವಿನಲ್ಲಿ ಎರಡು ಬಗೆ. ಕೆಲವು ಮರಗಳ ಹೂವಿನಲ್ಲಿ ಶಲಾಕೆ ಉದ್ದ, ಕೆಲವದರಲ್ಲಿ ಗಿಡ್ಡ. ಒಂದರ ಪರಾಗ ಇನ್ನೊಂದಕ್ಕೆ ಸಿಕ್ಕಿದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ಆದ್ದರಿಂದ ಒಂದೇ ಕಸಿಯ ಗಿಡಗಳನ್ನು ತೋಟದ ತುಂಬ ನೆಟ್ಟವನು ಕೈಸುಟ್ಟುಕೊಳ್ಳಬೇಕಾಗುತ್ತದೆ. ನಡುನಡುವೆ ಬೇರೆ ತಳಿ ಬೇಕು. ಇನ್ನು ಹಣ್ಣುನೊಣದ ಕಾಟ. ಎಳೆಗಾಯಿಗಳಲ್ಲಿ ಹೆಚ್ಚಿನವನ್ನು ಕಿತ್ತು, ಉಳಿಸಿಕೊಂಡ ಒಂದೊಂದಕ್ಕೂ ಕಾಗದದ ಚೀಲ ತೊಡಿಸಬೇಕು. ಕೈಗೆಟಕುವಂತೆ ಮರವನ್ನು ಸವರಿ ಗಿಡ್ಡವಾಗಿ ಉಳಿಸಬೇಕು. ಸಾವಿರ ಹಣ್ಣಿಗೆ ಸಾವಿರ ಚೀಲ! ಏಣುಗಳ ಅಂಚು ತುಸು ತಾಗಿದರೂ ಕಪ್ಪಾಗುವುದರಿಂದ ಕೊಯ್ಲು, ತುಂಬುವಿಕೆ ಎಲ್ಲವೂ ಕೈಯಲ್ಲೇ. ಅಂಗಡಿಯಲ್ಲಿ ಕಂಡ ಆ ಜಾಲರಿಯ ಅರ್ಥ ಇದು. ನನ್ನಾಕೆ ಬೈದ ಬೆಲೆಯಲ್ಲಿ ಹಣ್ಣಿನ ಪಾಲು ಕಡಿಮೆ, ಕೂಲಿಯ ಪಾಲು ಹೆಚ್ಚು.

ಅಮೆರಿಕದ ಫ್ಲೋರಿಡಾದಲ್ಲಿ ಈ ಮರ 1887ಕ್ಕೂ ಮೊದಲೇ ಬಂದಿತ್ತಾದರೂ ಬಹುಕಾಲ ಅಲಂಕಾರಕ್ಕಷ್ಟೇ ಉಳಿಯಿತು. 1935ರಲ್ಲಿ ಹವಾಯಿಯಿಂದ ಬೀಜ ತರಿಸಿ ಹೋಮ್‌ಸ್ಟೆಡ್‌ನ ಸಂಶೋಧನಾ ಕೇಂದ್ರದಲ್ಲಿ ಬಿತ್ತಿದರು. ಅವುಗಳಿಂದ ಆಯ್ದ ‘ಗೋಲ್ಡನ್ ಸ್ಟಾರ್’ ತಳಿ ಬೆಳೆಗಾರರ ಕೈಸೇರಿದ್ದು 1965ರಲ್ಲಿ. ಮೂವತ್ತು ವರ್ಷ! ತಾಳ್ಮೆ ಎಂದರೆ ಇದು. ಆದರೆ ವ್ಯಾಪಾರಕ್ಕೆ ನಿಜವಾದ ಬಲ ಬಂದದ್ದು 1970ರ ದಶಕದಲ್ಲಿ ಮಾರಿಸ್ ಆರ್ಕಿನ್ ಎಂಬ ಹವ್ಯಾಸಿ ತೋಟಗಾರ ಆರಿಸಿದ ಸಿಹಿ ತಳಿಯಿಂದ. ಅದಕ್ಕೆ ಅವನದೇ ಹೆಸರು. ದೊಡ್ಡ ಗಾಳಿಯನ್ನು ತಾಳದ ಮರವಿದು. 1992ರ ಆಗಸ್ಟ್ 24ರಂದು ಆಂಡ್ರೂ ಚಂಡಮಾರುತ ಹೋಮ್‌ಸ್ಟೆಡ್ ಪ್ರದೇಶದ ಹಣ್ಣಿನ ತೋಟಗಳನ್ನೆಲ್ಲ ಧ್ವಂಸಗೊಳಿಸಿದಾಗ ಇದಕ್ಕೂ ಪೆಟ್ಟು ಬಿತ್ತು.

ಹಣ್ಣಿನ ಬೆನ್ನಿಗೆ ಅದರ ನೊಣವೂ ದೇಶ ಸುತ್ತಿತು. ಆಗ್ನೇಯ ಏಷ್ಯಾದ ಒಂದು ಹಣ್ಣುನೊಣ 1975ರಲ್ಲಿ ದಕ್ಷಿಣ ಅಮೆರಿಕದ ಸುರಿನಾಮಿನಲ್ಲಿ, 1989ರಲ್ಲಿ ಫ್ರೆಂಚ್ ಗಯಾನಾದಲ್ಲಿ, 1996ರಲ್ಲಿ ಬ್ರೆಜಿಲ್ಲಿನ ಗಡಿಯೊಳಗೆ ಕಾಣಿಸಿಕೊಂಡಿತು. ನಡುವೆ, 1994ರಲ್ಲಿ, ವಿಜ್ಞಾನಿಗಳು ಅದನ್ನು ಬೇರೆಯೇ ಪ್ರಭೇದವೆಂದು ಗುರುತಿಸಿ ಕರಂಬೋಲದ ಹೆಸರನ್ನೇ ಇಟ್ಟರು. ಮಾವಿಗೂ ಹತ್ತುವ ನೊಣವಾದ್ದರಿಂದ ಬ್ರೆಜಿಲ್ಲಿನ ಹಣ್ಣಿನ ರಫ್ತಿಗೇ ಅದು ಬೆದರಿಕೆಯಾಯಿತು. ಮಲಬಾರಿನವರ ಬಾಯಿಂದ ಹೊರಟ ಹೆಸರು ಎಲ್ಲಿಗೆ ಹೋಗಿ ಯಾವುದಕ್ಕೆ ಅಂಟಿತು ನೋಡಿ.

ಇರಲಿ, ಇನ್ನು ನನ್ನ ತಪ್ಪಿನ ವಿಷಯ. ನಿವೃತ್ತಿಯ ಬಳಿಕ ನಾನೂ ನರ್ಸರಿಯಿಂದ ಸಿಹಿ ಕಸಿಯ ಗಿಡವೊಂದನ್ನು ತಂದು ನೆಟ್ಟಿದ್ದೆ. 2009ರ ಡಿಸೆಂಬರಿನಲ್ಲಿ ಅದು ಮೊದಲ ಬಾರಿ ಮೈತುಂಬ ಬಿಟ್ಟಿತು. ನನ್ನ ದೊಡ್ಡಣ್ಣ ಆಗ ವಾರಕ್ಕೆರಡು ಬಾರಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ. ಒಂದು ಚೀಲ ಹಣ್ಣು ಒಯ್ದೆ. ಅತ್ತಿಗೆ ರಸ ತೆಗೆದು ಅರ್ಧ ಲೋಟ ಕೊಟ್ಟರು. “ಲಾಯ್ಕುಂಟು ಮಾರಾಯ, ಹುಳಿಯೇ ಇಲ್ಲ” ಎಂದು ಅಣ್ಣ ಹೊಗಳಿದ. ಶಾಲೆಯ ಹಿಂದಿನ ಮರವನ್ನು ನೆನೆದು ಇಬ್ಬರೂ ನಕ್ಕೆವು. ರಾತ್ರಿ ಶುರುವಾದ ಬಿಕ್ಕಳಿಕೆ ಬೆಳಗಾದರೂ ನಿಲ್ಲಲಿಲ್ಲ. ಮಾತು ತಡವರಿಸಿತು, ನನ್ನನ್ನು ನಮ್ಮ ತೀರಿಹೋದ ತಂದೆಯೆಂದು ತಿಳಿದು ಮಾತನಾಡಿಸತೊಡಗಿದ. ಆಸ್ಪತ್ರೆಯಲ್ಲಿ ಏನು ತಿಂದರೆಂದು ಕೇಳಿದ ಯುವ ವೈದ್ಯರಿಗೆ ಅತ್ತಿಗೆ ಹಣ್ಣಿನ ಮಾತು ಹೇಳಿದರು. ಅವರು ಕೂಡಲೇ ಡಯಾಲಿಸಿಸ್‌ಗೆ ಕರೆದೊಯ್ದರು. ಮತ್ತೆ ಮಾಡಿಸಿ, ಮೂರು ದಿನದ ಮೇಲೆ ಅಣ್ಣ ನನ್ನನ್ನು ಗುರುತಿಸಿದ.

ಬ್ರೆಜಿಲ್ಲಿನ ರಿಬೇರಾವ್ ಪ್ರೇಟೊ ನಗರದ ವೈದ್ಯರು ಮೂತ್ರಪಿಂಡದ ರೋಗಿಗಳಲ್ಲಿ ಈ ಹಣ್ಣಿನ ವಿಷಬಾಧೆಯನ್ನು 1998ರಲ್ಲೇ ವರದಿ ಮಾಡಿದ್ದರು. ಬಿಕ್ಕಳಿಕೆ, ಮತಿಭ್ರಮೆ, ಅಪಸ್ಮಾರ, ಕೆಲವೊಮ್ಮೆ ಸಾವು. ಅಲ್ಲಿನ ವಿಜ್ಞಾನಿಗಳೇ 2013ರಲ್ಲಿ ಕರಂಬಾಕ್ಸಿನ್ ಎಂಬ ನರವಿಷವನ್ನು ಪ್ರತ್ಯೇಕಿಸಿದರು. ಆರೋಗ್ಯವಂತರ ಮೂತ್ರಪಿಂಡ ಇದನ್ನು ಹೊರಹಾಕುತ್ತದೆ. ಸೋತ ಮೂತ್ರಪಿಂಡಕ್ಕೆ ಆಗದು. ಆಕ್ಸಾಲಿಕ್ ಆಮ್ಲದ ಹಾನಿ ಬೇರೆ. ಸಿಹಿ ತಳಿಯಾದರೂ ಆ ರೋಗಿಗಳಿಗೆ ಸಲ್ಲದು. ಹುಳಿ ಮರದ ಕಾಯಿಯನ್ನು ಉಪ್ಪಿನಕಾಯಿಯ ಎರಡು ಹೋಳಿನ ಮೇಲೆ ಯಾರೂ ತಿನ್ನುತ್ತಿರಲಿಲ್ಲ. ಲೋಟದಲ್ಲಿ ಕುಡಿಯುವಂತೆ ಮಾಡಿದ್ದು ಕಸಿಯ ಸಿಹಿ. ರೋಗಿಗಳಿಗೆ ಪಾಕ ಕೊಡುತ್ತಿದ್ದ ಒರ್ತಾನನ್ನು ಓದಿದಾಗಲೆಲ್ಲ ಅವರಲ್ಲಿ ಅಣ್ಣನಂಥವರು ಎಷ್ಟು ಜನ ಇದ್ದಿರಬಹುದೆಂದು ಯೋಚಿಸುತ್ತೇನೆ.

ಆ ಮರವನ್ನು ಕಡಿಸಲು ಹೊರಟಾಗ ಬೇಡವೆಂದವನು ಅಣ್ಣನೇ. ಅವನು ಮತ್ತೆ ಎರಡು ವರ್ಷ ನಮ್ಮೊಡನಿದ್ದ. ಮರ ಈಗಲೂ ಬಿಡುತ್ತಿದೆ. ಹಣ್ಣು ಕೇಳಿಕೊಂಡು ಬಂದವರಿಗೆ ಚೀಲ ತುಂಬಿ ಕೊಡುತ್ತೇನೆ, ಆದರೆ ಕೊಡುವ ಮೊದಲು ಅವರ ಮನೆಯಲ್ಲಿ ಕಿಡ್ನಿಯ ತೊಂದರೆ ಇದ್ದವರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತೇನೆ. ಕೆಲವರು ಇದೆಂಥ ಪ್ರಶ್ನೆ ಎಂದು ಮುಖ ನೋಡುತ್ತಾರೆ. ಆಗ ಜಗಲಿಯಲ್ಲಿ ಕೂರಿಸಿ ಈ ಕಥೆಯನ್ನೆಲ್ಲ ಹೇಳಬೇಕಾಗುತ್ತದೆ.